ಯೆಸ್ ಬ್ಯಾಂಡಿನ ಯಾವ ಕಾಲ ಚೆನ್ನ, ಬೇಸ್ ಕಲಿಯುವವನು ಎಲ್ಲಿಂದ ಶುರು ಮಾಡಬೇಕು

ತಮ್ಮಾ, ನೀನು ಕೇಳಿದ್ದು ಎರಡೇ ಸಾಲು. ಬೇಸ್ ಗಿಟಾರ್ ಕಲಿಯುತ್ತಿದ್ದೇನೆ, ಕಲಿಸುವ ಸರ್ ಯೆಸ್ ಎನ್ನುವ ಇಂಗ್ಲೆಂಡಿನ ರಾಕ್ ಬ್ಯಾಂಡ್ ಕೇಳು ಎಂದರು, ತೆಗೆದು ನೋಡಿದರೆ 1969ರಿಂದ ಈಚೆಗೆ ಆಲ್ಬಮ್‌ಗಳ ಸಾಲೇ ಇದೆ, ಯಾವ ಕಾಲದ್ದು ಚೆನ್ನ, ಎಲ್ಲಿಂದ ಹಿಡಿಯಲಿ ಅಂತ. ಅಷ್ಟಕ್ಕೇ ನಿನ್ನೆಯಿಂದ ನಮ್ಮ ಈ ಗುಂಪಿನಲ್ಲಿ ಕುಸ್ತಿ ನಡೆದಿದೆ. ಖಾನಾಪುರದ ಸರ್ ಎಪ್ಪತ್ತರ ದಶಕ ಬಿಟ್ಟರೆ ಉಳಿದದ್ದೆಲ್ಲ ಕಸ ಎಂದರು. ವಿಜಯಪುರದ ಅಕ್ಕ 90125 ಎನ್ನುವ ಆಲ್ಬಮ್ ಬರದಿದ್ದರೆ ನಮ್ಮ ವಾರಗೆಯವರಿಗೆ ಈ ಬ್ಯಾಂಡಿನ ಹೆಸರೇ ಗೊತ್ತಿರುತ್ತಿರಲಿಲ್ಲ ಎಂದರು. ಇವರ ಗದ್ದಲದಲ್ಲಿ ಪ್ರಶ್ನೆ ಕೇಳಿದ ಬಾಗಲಕೋಟೆಯ ಹುಡುಗ ನೀನೇ ಕಾಣೆ. ಬಾ ಇಲ್ಲಿ, ಸ್ವಲ್ಪ ಉದ್ದ ಹೇಳುತ್ತೇನೆ.

ನನ್ನ ಲೆಕ್ಕದಲ್ಲಿ ಇವರ ಚೆನ್ನಾದ ಕಾಲ ಎರಡು ವರ್ಷವೂ ಅಲ್ಲ. 1971ರ ಫೆಬ್ರವರಿಯಲ್ಲಿ ದಿ ಯೆಸ್ ಆಲ್ಬಮ್ ಬಂತು, ಅದೇ ನವೆಂಬರ್‌ನಲ್ಲಿ ಫ್ರಜೈಲ್, 1972ರ ಸೆಪ್ಟೆಂಬರ್‌ನಲ್ಲಿ ಕ್ಲೋಸ್ ಟು ದಿ ಎಡ್ಜ್. ಮೂರೇ ರೆಕಾರ್ಡ್. ಖಾನಾಪುರದ ಸರ್, ಇಡೀ ದಶಕಕ್ಕೆ ಒಂದೇ ಮಾರ್ಕು ಕೊಡಬೇಡಿ. 1978ರ ಟೊರ್ಮಾಟೊ ಕೂಡ ಆ ದಶಕದ್ದೇ ಅಲ್ವಾ? ಅದನ್ನು ಕೊನೆತನಕ ಕೂತು ಕೇಳಿ ಆಮೇಲೆ ಮಾತಾಡೋಣ.

ಆ ಮೂರೇ ಯಾಕೆ? ಆಗ ಬ್ಯಾಂಡಿನಲ್ಲಿ ಐದು ಜನ ಹಟಮಾರಿಗಳಿದ್ದರು, ಆದರೆ ಯಾರ ಹಟವೂ ಪೂರ್ತಿ ನಡೆಯುತ್ತಿರಲಿಲ್ಲ. ಜಾನ್ ಆಂಡರ್ಸನ್ ಹಾಡು ಉದ್ದ ಎಳೆಯಲು ಹೋದರೆ ಬಿಲ್ ಬ್ರೂಫರ್ಡ್ ಡ್ರಮ್ಸ್‌ನಲ್ಲಿ ತಾಳ ಮುರಿದು ಎಚ್ಚರಿಸುತ್ತಿದ್ದ. ಸ್ಟೀವ್ ಹೌ ಗಿಟಾರ್‌ನಲ್ಲಿ ಜಾಗ ತುಂಬಲು ಬಂದರೆ ಅಲ್ಲಿ ಕ್ರಿಸ್ ಸ್ಕ್ವೈರ್‌ನ ಬೇಸ್ ಮೊದಲೇ ಕೂತಿರುತ್ತಿತ್ತು. ಕೀಬೋರ್ಡ್‌ನಲ್ಲಿ ಮೊದಲು ಟೋನಿ ಕೇ, ಫ್ರಜೈಲ್‌ನಿಂದ ರಿಕ್ ವೇಕ್‌ಮನ್. ಒಬ್ಬರನ್ನೊಬ್ಬರು ತಡೆದು ನಿಲ್ಲಿಸುತ್ತಿದ್ದರು, ಅದೇ ಅವರ ಬಲ. ಆಮೇಲಿನ ಕಾಲಗಳಲ್ಲಿ ಯಾರಾದರೂ ಒಬ್ಬರ ಕೈ ಮೇಲಾಯಿತು. ಸಂಗೀತ ಚೆನ್ನಾಗಿಯೇ ಇತ್ತು, ಜಗ್ಗಾಟ ಮಾತ್ರ ಹೋಯಿತು.

ಇದು ಸುಮ್ನೆ ಮಾತಲ್ಲ, ಫ್ರಜೈಲ್‌ನ ಕೊನೆಯ ಹಾಡು ಹಾರ್ಟ್ ಆಫ್ ದಿ ಸನ್‌ರೈಸ್ ಹಚ್ಚಿ ನೋಡು. ಶುರುವಿಗೆ ಗಿಟಾರ್ ಬೇಸ್ ಎರಡೂ ಕೂಡಿ ಒಂದೇ ಸ್ವರಗುಂಪನ್ನು ಭರ್ರನೆ ಓಡಿಸುತ್ತವೆ, ಆರರ ಎಣಿಕೆ. ತಟ್ಟನೆ ನಿಲ್ಲುತ್ತದೆ. ಉಳಿಯುವುದು ಬೇಸ್ ಮತ್ತು ಡ್ರಮ್ಸ್ ಮಾತ್ರ. ಸ್ಕ್ವೈರ್ ಅವಸರವಿಲ್ಲದೆ ನಡೆಯುತ್ತಾನೆ, ಒಂದೊಂದು ಸ್ವರದ ಮುಂದೆ ಹಿಂದೆ ಜಾಗ ಬಿಡುತ್ತಾನೆ. ಬ್ರೂಫರ್ಡ್ ಆ ಖಾಲಿ ಜಾಗದಲ್ಲೇ ಸಣ್ಣ ಸಣ್ಣ ಏಟು ಹಾಕುತ್ತ ಹೋಗುತ್ತಾನೆ, ಬೇಸ್‌ನ ಮೇಲೆ ಕಾಲಿಡುವುದಿಲ್ಲ. ಹಿಂದೆ ಮೆಲೊಟ್ರಾನ್, ಟೇಪಿನಿಂದ ಸದ್ದು ಹೊರಡಿಸುವ ಕೀಬೋರ್ಡ್, ಮೆಲ್ಲಗೆ ಏರುತ್ತ ಬರುತ್ತದೆ, ಮೊದಲು ಅದು ಇದೆ ಎಂದೇ ತಿಳಿಯುವುದಿಲ್ಲ. ಮತ್ತೆ ಆ ಓಟ ಮರಳಿ ಬರುವಾಗ ಮೈ ಜುಮ್ಮೆನ್ನುತ್ತದೆ. ಬೇಸ್ ಕಲಿಯುವವನಿಗೆ ಆ ಓಟಕ್ಕಿಂತ ನಡುವಿನ ನಡಿಗೆ ಜಾಸ್ತಿ ಕಲಿಸುತ್ತದೆ. ಓಟ ಯಾರಾದರೂ ಕೈ ಪಳಗಿಸಿ ಬಾರಿಸಬಹುದು.

ಫ್ರಜೈಲ್‌ನಲ್ಲಿ ಹುಳುಕೂ ಇದೆ, ಮುಚ್ಚಿಡುವುದಿಲ್ಲ. ಐದು ಜನಕ್ಕೂ ತಲಾ ಒಂದು ಸ್ವಂತ ತುಣುಕು ಹಂಚಿದರು. ವೇಕ್‌ಮನ್ ಬ್ರಾಮ್ಸ್‌ನ ನಾಲ್ಕನೇ ಸಿಂಫನಿಯ ಒಂದು ಭಾಗವನ್ನು ಕೀಬೋರ್ಡ್‌ಗಳಲ್ಲಿ ಬಾರಿಸಿದ್ದಾನೆ, ಅದಿಲ್ಲದಿದ್ದರೂ ನಡೆಯುತ್ತಿತ್ತು. ಆದರೆ ಸ್ಕ್ವೈರ್‌ನ ತುಣುಕು ದಿ ಫಿಶ್ ಬಿಡಬೇಡ. ಒಂದರ ಮೇಲೊಂದು ಬೇಸ್ ಕೂರಿಸಿ ಕಟ್ಟಿದ್ದು ಅದು. ಗಿಟಾರ್ ಇದೆ ಎಂದು ನಿನಗೆ ಅನಿಸುವ ಕಡೆಯೂ ಬೇಸ್.

ಇನ್ನು ಕ್ಲೋಸ್ ಟು ದಿ ಎಡ್ಜ್. ಇಡೀ ರೆಕಾರ್ಡ್‌ನಲ್ಲಿ ಮೂರೇ ಹಾಡು, ಮೊದಲನೆಯದೇ ಹದಿನೆಂಟು ನಿಮಿಷ ದಾಟುತ್ತದೆ. ಗುಂಪಿನಲ್ಲಿ ಯಾರೋ ಇದು ನಮ್ಮ ಹಿಂದೂಸ್ತಾನಿ ಖ್ಯಾಲ್ ಇದ್ದಂತೆ, ನಿಧಾನದ ವಿಲಂಬಿತ್‌ನಿಂದ ಬೆಳೆಸಿಕೊಂಡು ಹೋಗುತ್ತಾರೆ ಎಂದು ಬರೆದಿದ್ದರು. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇಲ್ಲೇ ಪಕ್ಕದಲ್ಲಿದೆ, ಬೆಳಗಾವಿಯವರಿಗೆ ಹಾಗೆ ಅನಿಸುವುದು ಸಹಜ. ಆದರೂ ಒಪ್ಪಲಾರೆ. ಖ್ಯಾಲ್‌ನಲ್ಲಿ ಹಾಡುವವರು ಆ ಹೊತ್ತಿಗೆ ಕಟ್ಟುತ್ತ ಹೋಗುತ್ತಾರೆ. ಇವರದು ಹಾಗಲ್ಲ. ಲಂಡನ್ನಿನ ಅಡ್ವಿಷನ್ ಸ್ಟುಡಿಯೋದಲ್ಲಿ ತುಂಡು ತುಂಡಾಗಿ ಬಾರಿಸಿದರು, ಎಡ್ಡಿ ಆಫರ್ಡ್ ಎನ್ನುವ ಇಂಜಿನಿಯರ್ ಆ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿ ಒಂದು ಹಾಡು ಮಾಡಿದ. ಹಕ್ಕಿ, ನೀರಿನ ಸದ್ದಿನಿಂದ ಶುರುವಾಗಿ ಗಿಟಾರ್ ಸಿಡಿಯುತ್ತದಲ್ಲ, ನಡುನಡುವೆ ಎಲ್ಲರೂ ಒಮ್ಮೆಲೇ ಬಾಯಿ ತೆರೆದು ಗಕ್ಕನೆ ನಿಲ್ಲುತ್ತಾರಲ್ಲ, ಅದೆಲ್ಲ ಮೊದಲೇ ಅಳೆದು ಇಟ್ಟದ್ದು. ಅಷ್ಟು ಕತ್ತರಿ ಬಿದ್ದರೂ ಹರಿದಂತೆ ಕೇಳಿಸುವುದಿಲ್ಲ, ದೊಡ್ಡತನ ಅಲ್ಲಿದೆ. ನಡುವೆ ಎಲ್ಲ ತಣ್ಣಗಾಗಿ ದನಿಗಳು ಮಾತ್ರ ಉಳಿಯುತ್ತವೆ, ಆಮೇಲೆ ಲಂಡನ್ನಿನ ಒಂದು ಚರ್ಚಿನ ದೊಡ್ಡ ಆರ್ಗನ್ ಎದ್ದು ಬರುತ್ತದೆ. ಆ ಜಾಗ ಬಂದಾಗ ಮನೆಯಲ್ಲಿ ಮಿಕ್ಸರ್ ಹಚ್ಚಬೇಡಿ ಎಂದು ಹೇಳಿ ಕೂಡು.

ಅದು ಮುಗಿಯುತ್ತಿದ್ದಂತೆ ಬ್ರೂಫರ್ಡ್ ಕಿಂಗ್ ಕ್ರಿಮ್ಸನ್ ಎಂಬ ಬೇರೆ ಬ್ಯಾಂಡಿಗೆ ಹೊರಟುಹೋದ. ಇದಕ್ಕಿಂತ ಮುಂದೆ ಈ ದಾರಿಯಲ್ಲಿ ಹೋಗಲು ಏನೂ ಉಳಿದಿಲ್ಲ ಎನ್ನುವುದು ಅವನ ಲೆಕ್ಕ. ಆಲನ್ ವೈಟ್ ಬಂದ, ಮೂರೇ ದಿನದಲ್ಲಿ ಎಲ್ಲ ಕಲಿತು ಸ್ಟೇಜ್ ಹತ್ತಿದ. ಒಳ್ಳೆಯ ಡ್ರಮ್ಮರ್, ಏಟು ಗಟ್ಟಿ. ಆದರೆ ಮೊದಲಿನ ತರಲೆ ಇಲ್ಲ.

1973ರ ಟೇಲ್ಸ್ ಫ್ರಮ್ ಟೋಪೊಗ್ರಾಫಿಕ್ ಓಷನ್ಸ್ ಬಗ್ಗೆ ನಮ್ಮವರಿಗೆ ವಿಶೇಷ ಪ್ರೀತಿ ಇರುತ್ತದೆ, ಯಾಕೆಂದು ಗೊತ್ತು. ಪರಮಹಂಸ ಯೋಗಾನಂದರ ಆತ್ಮಕಥೆಯಲ್ಲಿ ಪುಟದ ಕೆಳಗಿನ ಒಂದು ಟಿಪ್ಪಣಿ ಓದಿ ಆಂಡರ್ಸನ್ ಇದನ್ನು ಯೋಚಿಸಿದ. ಶ್ರುತಿ, ಸ್ಮೃತಿ, ಪುರಾಣ, ತಂತ್ರ. ಎರಡು ಎಲ್‌ಪಿ, ನಾಲ್ಕು ಬದಿ, ಬದಿಗೊಂದು ಹಾಡು, ಒಂದೊಂದೂ ಹದಿನೆಂಟು ಇಪ್ಪತ್ತು ನಿಮಿಷದ್ದು. ಶ್ರುತಿ ಸ್ಮೃತಿ ಎಂದ ಕೂಡಲೇ ಕೈ ಮುಗಿಯಬೇಕಿಲ್ಲ. ಒಳಗೆ ಹುಡುಕಿದರೆ ನಮ್ಮ ಸಂಗೀತವೂ ಇಲ್ಲ, ಶಾಸ್ತ್ರವೂ ಇಲ್ಲ, ಆಂಡರ್ಸನ್‌ನ ಕನಸು ಇದೆ. ಕೆಲವು ಕಡೆ ಕನಸು ಬಹಳ ಚೆಂದ, ಮೊದಲನೇ ಬದಿಯನ್ನು ನಾನು ಈಗಲೂ ಹಚ್ಚುತ್ತೇನೆ. ಎರಡನೆಯದರಲ್ಲಿ ಎಳೆದಾಟ ಜಾಸ್ತಿ. ರೆಕಾರ್ಡಿಂಗ್ ಮಾಡುವಾಗ ಹಳ್ಳಿಯ ವಾತಾವರಣ ಬೇಕೆಂದು ಸ್ಟುಡಿಯೋದೊಳಗೆ ಹುಲ್ಲಿನ ಪೆಂಡಿ, ರಟ್ಟಿನ ಆಕಳು ತಂದು ನಿಲ್ಲಿಸಿದ್ದರು. ನಮ್ಮೂರಿಗೆ ಬಂದಿದ್ದರೆ ಪುಕ್ಕಟೆ ಸಿಗುತ್ತಿತ್ತು, ಸೆಗಣಿ ಸಮೇತ. ವೇಕ್‌ಮನ್‌ಗೆ ಇದು ಸೇರಲೇ ಇಲ್ಲ. ಮ್ಯಾಂಚೆಸ್ಟರ್ ಕಾರ್ಯಕ್ರಮದಲ್ಲಿ ತನಗೆ ಕೆಲಸವಿಲ್ಲದ ಹೊತ್ತು ನೋಡಿ ಸ್ಟೇಜ್ ಮೇಲೆಯೇ, ಕೀಬೋರ್ಡ್ ಮುಂದೆ ಕೂತು ಇಂಡಿಯನ್ ಕರಿ ಊಟ ಮಾಡಿದ. ಇದನ್ನು ಅವನೇ ಎಲ್ಲ ಕಡೆ ಹೇಳಿಕೊಂಡಿದ್ದಾನೆ. 1974ರಲ್ಲಿ ಬಿಟ್ಟುಹೋದ.

ಆಗ ಬಂದ ಪ್ಯಾಟ್ರಿಕ್ ಮೊರಾಜ್ ಜೊತೆ ರಿಲೇಯರ್ ಆಲ್ಬಮ್ ಮಾಡಿದರು. ಯುದ್ಧದ ಹಾಡು ದಿ ಗೇಟ್ಸ್ ಆಫ್ ಡಿಲೀರಿಯಂಗಾಗಿ ಗುಜರಿಯಿಂದ ಕಾರಿನ ಬಿಡಿಭಾಗ ತಂದು ಬಡಿದಿದ್ದಾರೆ. ಕಿವಿಗೆ ಒರಟು, ಇಷ್ಟವಾದವರಿಗೆ ಬಹಳ ಇಷ್ಟ. ವೇಕ್‌ಮನ್ ತಿರುಗಿ ಬಂದು 1977ರಲ್ಲಿ ಗೋಯಿಂಗ್ ಫಾರ್ ದಿ ಒನ್ ಆಯಿತು. ಅದರಲ್ಲಿ ಅವೇಕನ್ ಒಂದು ಸಾಕು. ಸ್ವಿಟ್ಜರ್ಲೆಂಡಿನ ವೆವೆ ಊರಿನ ಚರ್ಚಿನಲ್ಲಿ ಅವನು ಆರ್ಗನ್ ಬಾರಿಸಿದ, ಟೆಲಿಫೋನ್ ಲೈನಿನಲ್ಲಿ ಮಾಂಟ್ರೊ ಸ್ಟುಡಿಯೋಗೆ ಕಳಿಸಿ ಅಲ್ಲಿ ಉಳಿದವರ ಜೊತೆ ಕೂಡಿಸಿಕೊಂಡರು. ಖಾನಾಪುರದ ಸರ್ ಈ ಹಾಡೊಂದನ್ನೇ ಮುಂದಿಟ್ಟು ವಾದಿಸಿದ್ದರೆ ನಾನು ಅರ್ಧ ಸೋಲುತ್ತಿದ್ದೆ.

ಈಗ ಬೈಗುಳ ತಿನ್ನುವ ಮಾತು. ನನ್ನ ಎರಡನೇ ಮತ 1980ರ ಡ್ರಾಮಾಕ್ಕೆ. ಆಂಡರ್ಸನ್ ಇಲ್ಲ, ವೇಕ್‌ಮನ್ ಇಲ್ಲ. ಅವರ ಜಾಗದಲ್ಲಿ ಬಗಲ್ಸ್ ಎಂಬ ಪಾಪ್ ಜೋಡಿಯ ಟ್ರೆವರ್ ಹಾರ್ನ್ ಮತ್ತು ಜೆಫ್ ಡೌನ್ಸ್, ವಿಡಿಯೋ ಕಿಲ್ಡ್ ದಿ ರೇಡಿಯೋ ಸ್ಟಾರ್ ಮಾಡಿದವರು. ಆಗಲೂ ಜನ ಬೈದರು, ಸ್ಟೇಜ್ ಮೇಲೆ ಆಂಡರ್ಸನ್‌ನ ಎತ್ತರದ ಸ್ವರ ಹಿಡಿಯಲು ಹಾರ್ನ್ ಒದ್ದಾಡಿದ್ದೂ ನಿಜ. ಆದರೆ ರೆಕಾರ್ಡ್ ಕೇಳಿ. ಮಶೀನ್ ಮೆಸಾಯಾ ಶುರುವಾಗುವ ಭಾರ ನೋಡಿ. ಟೆಂಪಸ್ ಫ್ಯೂಜಿಟ್‌ನಲ್ಲಿ ಬೇಸ್ ಇಡೀ ಹಾಡನ್ನು ಹೆಗಲ ಮೇಲೆ ಹೊತ್ತು ಓಡುತ್ತದೆ. ಹೊಸಬರು ಬಂದಿದ್ದರಿಂದ ಹಳಬರು ಮತ್ತೆ ಸೆಟೆದು ಕೂತರು, ಆ ಜಗ್ಗಾಟ ಮರಳಿ ಬಂತು. ಹಾಡುವವನು ಬದಲಾದರೆ ಬ್ಯಾಂಡ್ ಸತ್ತಿತು ಎನ್ನುವವರು ಸ್ಕ್ವೈರ್ ಬಾರಿಸುವುದನ್ನು ಎಂದೂ ಗಮನವಿಟ್ಟು ಕೇಳಿಲ್ಲ ಅನಿಸುತ್ತದೆ.

ಅಕ್ಕಾ, 90125 ಕೆಟ್ಟದ್ದು ಎಂದು ನಾನು ಹೇಳಲ್ಲ. 1983ರದು, ಅದೇ ಹಾರ್ನ್ ಈ ಸಲ ಪ್ರೊಡ್ಯೂಸರ್. ಸದ್ದು ಈಗಲೂ ಹೊಸದಾಗಿ ಕೇಳಿಸುತ್ತದೆ. ಓನರ್ ಆಫ್ ಎ ಲೋನ್ಲಿ ಹಾರ್ಟ್ 1984ರ ಜನವರಿಯಲ್ಲಿ ಅಮೆರಿಕದಲ್ಲಿ ಒಂದನೇ ನಂಬರ್ ಆಯಿತು, ಅವರ ಇನ್ಯಾವ ಹಾಡಿಗೂ ಅದು ಸಿಗಲಿಲ್ಲ. ಆದರೆ ನೀವೇ ಹೇಳಿ, ಅದು ಸಿನೆಮಾ ಎನ್ನುವ ಬೇರೆ ಹೆಸರಿನಲ್ಲಿ ಟ್ರೆವರ್ ರಾಬಿನ್, ಸ್ಕ್ವೈರ್, ವೈಟ್ ಶುರು ಮಾಡಿದ ಕೆಲಸ. ಆಂಡರ್ಸನ್ ಕೊನೆಗೆ ಬಂದು ಹಾಡಿದ ಮೇಲೆ ಯೆಸ್ ಎಂಬ ಹಲಗೆ ತಗುಲಿಸಿದರು. ಒಳ್ಳೆಯ ಅಂಗಡಿಯೇ, ಮಾಲು ಬೇರೆ.

ಅಲ್ಲಿಂದ ಮುಂದಿನದನ್ನು ಬೇಗ ಮುಗಿಸುತ್ತೇನೆ. 1991ರಲ್ಲಿ, ಒಡೆದು ಹೋಗಿದ್ದ ಎರಡು ಬಣದ ಎಂಟು ಜನರನ್ನು ಕೂಡಿಸಿ ಯೂನಿಯನ್ ಎಂಬ ಆಲ್ಬಮ್ ತಂದರು. ವೇಕ್‌ಮನ್ ಅದನ್ನು ಆನಿಯನ್ ಎನ್ನುತ್ತಾನೆ, ಕೇಳಿದರೆ ಕಣ್ಣಲ್ಲಿ ನೀರು ಬರುತ್ತದಂತೆ. ಉಳ್ಳಾಗಡ್ಡಿ ಬೆಳೆಯುವ ಜಿಲ್ಲೆಯವರಿಗೆ ಇದಕ್ಕಿಂತ ಬಿಡಿಸಿ ಹೇಳುವುದು ಬೇಡ. 2001ರ ಮ್ಯಾಗ್ನಿಫಿಕೇಷನ್, ಆರ್ಕೆಸ್ಟ್ರಾ ಜೊತೆಗಿನದು, ಬಿಡುವಾದಾಗ ಕೇಳು. 2015ರಲ್ಲಿ ಸ್ಕ್ವೈರ್ ತೀರಿಕೊಂಡ, ಅಲ್ಲಿಯವರೆಗಿನ ಎಲ್ಲ ಯೆಸ್ ಆಲ್ಬಮ್‌ಗಳಲ್ಲೂ ಇದ್ದವನು ಅವನೊಬ್ಬನೇ. ಆಮೇಲಿನದನ್ನು ಯೆಸ್ ಎನ್ನಬೇಕೋ ಬೇಡವೋ ಎಂದು ಬೇಕಾದವರು ಬೇರೆ ಜಗಳ ತೆಗೆಯಲಿ.

ಈಗ ನಿನ್ನ ಕೆಲಸಕ್ಕೆ ಬರೋಣ. ಮೊದಲು ರೌಂಡಬೌಟ್ ಹಿಡಿ, ಎಂಟೂವರೆ ನಿಮಿಷದ್ದು. ಸ್ಕಾಟ್ಲೆಂಡಿನ ಬೆಟ್ಟದ ರಸ್ತೆಯಲ್ಲಿ ವ್ಯಾನಿನಲ್ಲಿ ಹೋಗುವಾಗ ಹುಟ್ಟಿದ ಹಾಡು ಅದು, ಹಾಗಾಗಿ ಬೆಳಗಾವಿಯಿಂದ ಚೋರ್ಲಾ ಘಾಟ್ ಮೇಲೆ ಗೋವಾಕ್ಕೆ ಹೋಗುವವರಿಗೆ ನಾನು ಇದನ್ನೇ ಹೇಳುವುದು. ಡ್ರೈವಿಂಗ್ ಮಾಡುವವರು ಮಾತ್ರ ತಿರುವಿನಲ್ಲಿ ತಾಳ ಹಾಕಬೇಡಿ. ಅದು ಬಾಯಿಗೆ ಬಂದ ಮೇಲೆ ದಿ ಯೆಸ್ ಆಲ್ಬಮ್ ಪೂರ್ತಿ, ನಂತರ ಫ್ರಜೈಲ್, ಆಮೇಲೆ ಕ್ಲೋಸ್ ಟು ದಿ ಎಡ್ಜ್. ಅದರ ಬೆನ್ನಿಗೇ ಡ್ರಾಮಾ ಹಚ್ಚು. ಟೇಲ್ಸ್ ಈಗಲೇ ಬೇಡ, ಸುಮ್ನೆ ಬೇಸರ ಬಂದು ಬ್ಯಾಂಡನ್ನೇ ಬಿಡುತ್ತೀಯ. ಶಫಲ್ ಬಂದ್ ಮಾಡು. ಸ್ಟೀವನ್ ವಿಲ್ಸನ್ ಎಂಬ ಸಂಗೀತಗಾರ ಹೊಸದಾಗಿ ಮಾಡಿದ ಮಿಕ್ಸ್‌ಗಳು ಸ್ವಚ್ಛವಾಗಿವೆ, ಪ್ರತಿ ವಾದ್ಯ ಬೇರೆ ಬೇರೆ ಕೇಳುತ್ತದೆ, ಆದರೂ ಮೊದಲ ಸಲ ಹಳೆಯದನ್ನೇ ಕೇಳು.

ಫೋನಿನ ಸ್ಪೀಕರ್‌ನಲ್ಲಿ, ಬಸ್ಸಿನಲ್ಲಿ ಕೇಳಿ ಏನೂ ಇಲ್ಲ ಎನ್ನಬೇಡ. ವೈರ್ ಇರುವ ಸಾದಾ ಹೆಡ್‌ಫೋನ್ ಸಾಕು. ಬೇಸ್ ಬೂಸ್ಟ್ ಇದ್ದರೆ ತೆಗೆದುಹಾಕು. ಸ್ಕ್ವೈರ್‌ನ ಬೇಸ್ ಗುಂಯ್ ಎನ್ನುವ ಬೇಸ್ ಅಲ್ಲ, ತಂತಿಯ ಲೋಹದ ಸದ್ದು ಮುಂದೆ ಬರುತ್ತದೆ. ಬೂಸ್ಟ್ ಹಾಕಿದರೆ ಅದೇ ಮುಚ್ಚಿಹೋಗುತ್ತದೆ.

ಆ ಸದ್ದಿಗೆ ಅವನು ಬಾರಿಸುತ್ತಿದ್ದ ರಿಕನ್‌ಬ್ಯಾಕರ್ ಕಂಪನಿಯ ಗಿಟಾರ್ ಬೇಕೇ ಬೇಕು ಎಂದು ಯಾರಾದರೂ ನಿನ್ನ ತಲೆಗೆ ತುಂಬಿದರೆ ನಂಬಬೇಡ, ಅಪ್ಪನ ದುಡ್ಡು ಉಳಿಯಲಿ. ಆ ಸದ್ದಿಗೆ ಬೇಕಾದ ಮೊದಲನೆಯದು ಪಿಕ್, ತಂತಿ ಮೀಟುವ ಸಣ್ಣ ಚೂರು. ಅವನು ಬೆರಳಿನಲ್ಲಿ ಅಲ್ಲ, ಪಿಕ್ ಹಿಡಿದು ಬಾರಿಸುತ್ತಿದ್ದ, ಪಿಕ್ ತಂತಿಗೆ ತಾಗಿದ ಬೆನ್ನಿಗೇ ಹೆಬ್ಬೆರಳಿನ ಅಂಚೂ ತಾಗುತ್ತಿತ್ತು. ಎರಡನೆಯದು ಹೊಸ ರೌಂಡ್‌ವೌಂಡ್ ತಂತಿ, ಅಂದರೆ ಮೇಲೆ ದುಂಡು ತಂತಿ ಸುತ್ತಿದ್ದು. ಅವನು ರೋಟೋಸೌಂಡ್ ಕಂಪನಿಯದು ಹಾಕುತ್ತಿದ್ದ, ನಿನಗೆ ಸಿಕ್ಕ ಯಾವುದಾದರೂ ಸ್ಟೀಲ್ ಸೆಟ್ ನಡೆಯುತ್ತದೆ. ಆಂಪ್‌ನಲ್ಲಿ ಬೇಸ್ ಇಳಿಸಿ ಮಿಡ್, ಟ್ರೆಬಲ್ ಸ್ವಲ್ಪ ಏರಿಸು. ಅವನು ಸದ್ದನ್ನು ಎರಡಾಗಿ ಒಡೆದು ಕೆಳಗಿನದನ್ನು ಸ್ವಚ್ಛ ಇಟ್ಟು ಮೇಲಿನದಕ್ಕೆ ಮಾತ್ರ ಡಿಸ್ಟಾರ್ಷನ್ ಕೊಡುತ್ತಿದ್ದ, ಅದು ನಿನಗೆ ಈಗ ಬೇಡ. ಯೂಟ್ಯೂಬ್‌ನಲ್ಲಿ ವೇಗ ಮುಕ್ಕಾಲಿಗೆ ಇಳಿಸಿ, ಹಾರ್ಟ್ ಆಫ್ ದಿ ಸನ್‌ರೈಸ್‌ನ ಆ ನಡಿಗೆಯ ಭಾಗದಿಂದ ಶುರು ಮಾಡು. ಕೈಗಿಂತ ಮೊದಲು ಕಾಲಲ್ಲಿ ತಾಳ ಕೂರಬೇಕು.

ಇನ್ನೊಂದು. 1973ರ ಯೆಸ್‌ಸಾಂಗ್ಸ್ ಎಂಬ ಲೈವ್ ರೆಕಾರ್ಡ್, ಮೂರು ಎಲ್‌ಪಿಯದು, ಟಿಳಕವಾಡಿಯ ನನ್ನ ಮನೆಯಲ್ಲಿದೆ. ಈ ಮೂರು ಆಲ್ಬಮ್‌ಗಳ ಹಾಡುಗಳನ್ನೇ ಸ್ಟೇಜ್ ಮೇಲೆ ಇನ್ನೂ ಜೋರಾಗಿ ಬಾರಿಸಿದ್ದಾರೆ, ದಿ ಫಿಶ್‌ನಲ್ಲಿ ಬಹಳ ಹೊತ್ತು ಸ್ಕ್ವೈರ್‌ನ ಬೇಸೇ ಮುಂದೆ ನಿಂತು ಆಡುತ್ತದೆ. ಬೆಳಗಾವಿಗೆ ಬರುವುದಿದ್ದರೆ ರವಿವಾರ ನೋಡಿ ಬಾ, ಹಿಂದಿನ ದಿನ ಒಂದು ಮೆಸೇಜ್ ಹಾಕು. ಬೇಸ್ ತಾ, ಆಂಪ್ ಇಲ್ಲಿದೆ. ಖಾನಾಪುರದ ಸರ್, ನೀವೂ ಬನ್ನಿ, ಆದರೆ ಟೊರ್ಮಾಟೊ ತರಬೇಡಿ.