ದೋಸೆ ಬೇಕಿದ್ದರೂ ಇಡ್ಲಿ ಹೇಳುತ್ತಿದ್ದೆ

ಮೇಷ್ಟ್ರ ಜಗಲಿ: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಪ್ರಶ್ನೆ: ಮೇಷ್ಟ್ರಿಗೆ ನಮಸ್ಕಾರ. ನನ್ನ ಮಗ ಐದನೇ ಕ್ಲಾಸು. ಮೂರು ವರ್ಷದವನಿದ್ದಾಗಿನಿಂದ ಅವನಿಗೆ ಉಗ್ಗು ಇದೆ. ಹಳೇ ಶಾಲೆಯಲ್ಲಿ ಎಲ್ಲರೂ ಅಕ್ಕಪಕ್ಕದ ಮನೆ ಮಕ್ಕಳು, ತೊಂದರೆ ಆಗಿರಲಿಲ್ಲ. ಈ ವರ್ಷ ಬೇರೆ ಶಾಲೆಗೆ ಸೇರಿಸಿದೆವು. ಅಲ್ಲಿ ಅವನಿಗೆ ‘ಸ್ಟಾರ್ಟಿಂಗ್ ಟ್ರಬಲ್’ ಎಂದು ಹೆಸರಿಟ್ಟಿದ್ದಾರೆ. ಅವನು ಓದಲು ಎದ್ದು ನಿಂತರೆ ಹಿಂದಿನ ಬೆಂಚಿನವರು ಬೈಕಿಗೆ ಕಿಕ್ ಹೊಡೆಯುವ ಸದ್ದು ಮಾಡುತ್ತಾರಂತೆ. ಟೀಚರಿಗೆ ಹೇಳಿದೆ. ‘ಮಕ್ಕಳು ತಮಾಷೆಗೆ ಮಾಡ್ತಾರೆ, ನಿಮ್ಮ ಮಗನಿಗೆ ಸ್ವಲ್ಪ ಧೈರ್ಯ ಕಲಿಸಿ’ ಎಂದರು. ಈಗ ಸೋಮವಾರ ಬೆಳಗಾದರೆ ಅವನಿಗೆ ಹೊಟ್ಟೆನೋವು. ಅತ್ತೆ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ಯಜಮಾನರು ‘ನಿಧಾನಕ್ಕೆ ಮಾತಾಡೋ’ ಎಂದು ಗದರುತ್ತಾರೆ. ನಾನು ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ತಾಯಿ, ಆ ಬೈಕಿನ ಸಾಲು ಓದಿ ನಿಮ್ಮ ಕಾಗದ ಮಡಚಿಟ್ಟು ಹಿತ್ತಿಲಿಗೆ ಹೋಗಿ ಸುಮ್ನೆ ನಿಂತುಬಿಟ್ಟೆ. ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ಬೈಕು ಇರಲಿಲ್ಲ. ಹಿಟ್ಟಿನ ಗಿರಣಿ ಇತ್ತು. ಅದರ ಇಂಜಿನ್ನು ಟುಕ್, ಟುಕ್, ಟುಕ್ ಎಂದು ಹತ್ತು ಸಲ ಕೆಮ್ಮಿ ಆಮೇಲೆ ಹಿಡಿದುಕೊಳ್ಳುತ್ತಿತ್ತು. ನನ್ನ ಹೆಸರು ‘ಗಿರಣಿ’. ಈ ಅಂಕಣವನ್ನು ಮೊದಲಿನಿಂದ ಓದಿದವರಿಗೂ ಇದು ಗೊತ್ತಿಲ್ಲ. ಬರೆಯುವಾಗ ಉಗ್ಗುವುದಿಲ್ಲ, ಅಲ್ವಾ?

ಹೈಸ್ಕೂಲಿನಲ್ಲಿ ಹಾಜರಿ ಕೂಗಿದಾಗ ‘ಪ್ರೆಸೆಂಟ್ ಸಾರ್’ ಎನ್ನಬೇಕಿತ್ತು. ನನಗೆ ಪ, ಬ, ದ ಮೂರೂ ಶತ್ರುಗಳು. ನನ್ನ ನಂಬರು ಇಪ್ಪತ್ತೆರಡು. ಹದಿನೈದನೇ ನಂಬರಿಗೇ ಅಂಗೈ ಬೆವರಲು ಶುರು. ಇಪ್ಪತ್ತೊಂದು ಎನ್ನುವಾಗ ಅಕ್ಕಪಕ್ಕದ ಸದ್ದೇ ಕೇಳಿಸುತ್ತಿರಲಿಲ್ಲ. ತುಟಿ ಎರಡೂ ಅಂಟಿಕೊಳ್ಳುತ್ತಿದ್ದವು. ಒಳಗಿನಿಂದ ನೂಕುತ್ತಿದ್ದೇನೆ, ಹೊರಗಿನಿಂದ ಯಾರೋ ಚಿಲಕ ಹಾಕಿದ್ದಾರೆ, ಹಾಗೆ. ಒಂದು ದಿನ ಮೇಷ್ಟ್ರು ಪೆನ್ನು ಕೆಳಗಿಟ್ಟು, ‘ಗಿರಣಿ ಶುರುವಾಗಲಿ, ಆಮೇಲೆ ಇಪ್ಪತ್ಮೂರು’ ಎಂದರು. ಅಲ್ಲಿಯವರೆಗೆ ಆ ಹೆಸರು ನಾಲ್ಕೈದು ಹುಡುಗರ ಬಾಯಲ್ಲಿತ್ತು. ಅವತ್ತು ಸಂಜೆಯೊಳಗೆ ಇಡೀ ಶಾಲೆಯ ಬಾಯಿಗೆ ಬಂತು. ಅವರೇನು ಕೆಟ್ಟವರಲ್ಲ. ನನಗೆ ಛಂದಸ್ಸು ಕಲಿಸಿದವರು ಅವರೇ. ಅದಕ್ಕೇ ಇವತ್ತಿಗೂ ಬೇಜಾರು.

ಆಮೇಲೆ ನಾನು ಉಪಾಯ ಕಲಿತೆ. ‘ಪ್ರೆಸೆಂಟ್’ ಬಿಟ್ಟು ‘ಎಸ್ ಸಾರ್’ ಎಂದೆ. ಅ, ಇ, ಎ ಇಂಥವು ನನಗೆ ಸಲೀಸು. ಹೋಟೆಲಿಗೆ ಹೋದರೆ ದೋಸೆ ಎನ್ನಲಾಗದೆ ಇಡ್ಲಿ ಹೇಳುತ್ತಿದ್ದೆ. ಎಷ್ಟು ವರ್ಷ ಹಾಗೆ ಬೇಡದ ಇಡ್ಲಿ ತಿಂದೆನೋ. ಕಡೂರಿನಲ್ಲಿ ಪಿಯುಸಿ ಓದುವಾಗ ಊರಿಗೆ ಹೋಗಲು ಬಾಣಾವರಕ್ಕೆ ಟಿಕೆಟ್ ತೆಗೆಯಬೇಕು. ಕಂಡಕ್ಟರಿಗೆ ಅವಸರ, ನನಗೆ ‘ಬಾ’ ಬಾರದು. ‘ಅರಸೀಕೆರೆ’ ಎಂದು ಹೇಳಿ, ಮುಂದಿನ ಊರಿನ ದುಡ್ಡು ಕೊಟ್ಟು, ಬಾಣಾವರದಲ್ಲಿ ಇಳಿದುಕೊಳ್ಳುತ್ತಿದ್ದೆ. ಅಪ್ಪನಿಗೆ ಲೆಕ್ಕ ಕೊಡುವಾಗ ಮತ್ತೊಂದು ಸುಳ್ಳು.

ನಿಮ್ಮ ಮಗನೂ ಇಂಥ ಲೆಕ್ಕಾಚಾರ ಶುರುಮಾಡಿರಬಹುದು. ಗಮನಿಸಿ ನೋಡಿ. ಉತ್ತರ ಗೊತ್ತಿದ್ದೂ ‘ಗೊತ್ತಿಲ್ಲ’ ಅನ್ನುತ್ತಾನಾ? ಅಂಗಡಿಗೆ ಕಳಿಸಿದರೆ ಚೀಟಿ ಬರೆದುಕೊಡು ಅನ್ನುತ್ತಾನಾ? ಮಾತು ತಡವರಿಸುವುದಕ್ಕಿಂತ ಈ ಬಚ್ಚಿಡುವುದೇ ಜಾಸ್ತಿ ಸುಸ್ತು ಮಾಡುತ್ತದೆ. ಸೋಮವಾರದ ಹೊಟ್ಟೆನೋವು ನಾಟಕ ಅಲ್ಲ, ತಾಯಿ. ನನಗೂ ನಿಜವಾಗಿಯೇ ನೋಯುತ್ತಿತ್ತು.

ಈಗ ಧೈರ್ಯದ ಮಾತು. ಉಗ್ಗು ಬರುವುದು ಹೆದರಿಕೆಯಿಂದಲ್ಲ. ಮಾತಿಗೆ ಬೇಕಾದ ಉಸಿರು, ಗಂಟಲು, ನಾಲಿಗೆ, ತುಟಿ ಎಲ್ಲವನ್ನೂ ಸರಿಯಾದ ಗಳಿಗೆಗೆ ಹೊಂದಿಸುವ ಕೆಲಸ ಮೆದುಳಿನದು. ಕೆಲವರಲ್ಲಿ ಆ ತಾಳ ಸ್ವಲ್ಪ ಬೇರೆ. ಎಷ್ಟೋ ಸಲ ಅದು ಮನೆತನದಲ್ಲೇ ಬಂದಿರುತ್ತದೆ. ನನಗೆ ನನ್ನ ಸೋದರಮಾವನಿಂದ ಬಂತು. ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ. ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಯಾವಾಗಲೋ ಒಮ್ಮೆ ಬರುತ್ತದೆ, ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ, ದೊಡ್ಡವರಾದ ಮೇಲೂ ಉಳಿಯುವುದು ನೂರಕ್ಕೆ ಒಬ್ಬರಲ್ಲಿ. ಉಳಿಯುವವರಲ್ಲಿ ಗಂಡಸರೇ ಜಾಸ್ತಿ. ಇಂಗ್ಲೆಂಡಿನ ರಾಜ ಆರನೇ ಜಾರ್ಜ್‌ಗೂ ಇತ್ತು. ಅವರ ಅರಮನೆಯಲ್ಲಿ ಧೈರ್ಯ ಕಲಿಸುವವರಿಗೆ ಬರಗಾಲವೇ? ಹೆದರಿಕೆಯಿಂದ ಉಗ್ಗು ಹೆಚ್ಚಾಗಬಹುದು, ಹುಟ್ಟುವುದಿಲ್ಲ.

ಮಗ ಹಾಡುವಾಗ ಕೇಳಿದ್ದೀರಾ? ನಾಡಗೀತೆ ಎಲ್ಲರ ಜೊತೆ ಹಾಡುವಾಗ ಒಂದಕ್ಷರವೂ ತಡೆಯುವುದಿಲ್ಲ. ಒಟ್ಟಾಗಿ ಮಗ್ಗಿ ಹೇಳುವಾಗಲೂ ಅಷ್ಟೆ. ನಾನು ನಮ್ಮ ಮನೆ ಕರುವಿನ ಹತ್ತಿರ ಗಂಟೆಗಟ್ಟಲೆ ಮಾತಾಡುತ್ತಿದ್ದೆ, ಎಲ್ಲೂ ತಡವರಿಸದೆ. ಅಂದರೆ ನಾಲಿಗೆಯಲ್ಲಿ ಏನೂ ಇಲ್ಲ. ಬಜೆಯಿಂದ ಆಗುವಂಥದ್ದೂ ಏನಿಲ್ಲ. ಅತ್ತೆಯವರಿಗೆ ನೋವಾಗದಂತೆ ನಿಲ್ಲಿಸಿಬಿಡಿ. ನನ್ನ ಅಜ್ಜಿ ಬಾಯಲ್ಲಿ ಬೆಣಚುಕಲ್ಲು ಇಟ್ಟು ಮಾತಾಡಿಸುತ್ತಿದ್ದಳು. ಒಂದು ಕಲ್ಲು ನುಂಗಿದ ಮೇಲೆ ಅದೂ ನಿಂತಿತು.

ಯಜಮಾನರಿಗೆ ಹೇಳಿ: ‘ನಿಧಾನಕ್ಕೆ ಮಾತಾಡೋ’ ಎನ್ನುವುದು ಬೇಡ. ಅದರ ಬದಲು ಅವರೇ ನಿಧಾನಕ್ಕೆ ಮಾತಾಡಲಿ. ಮಗ ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡರೆ ಆ ಪದವನ್ನು ನೀವು ಹೇಳಿ ಮುಗಿಸಬೇಡಿ. ಪ್ರೀತಿಯಿಂದಲೇ ಮಾಡುತ್ತೀರಿ, ಗೊತ್ತು. ನಮ್ಮಮ್ಮನೂ ಹಾಗೇ ಮಾಡುತ್ತಿದ್ದಳು. ‘ಬೆ... ಬೆ...’ ಎಂದರೆ ಸಾಕು, ಬೆಲ್ಲ ತಂದುಕೊಡುತ್ತಿದ್ದಳು. ನನಗೆ ಬೇಕಾಗಿದ್ದದ್ದು ಬೆಂಕಿಪೊಟ್ಟಣ. ಅವನ ಮುಖ ನೋಡುತ್ತಾ ಕಾಯಿರಿ. ಮೊದಲ ವಾರ ನಿಮಗೇ ಕಷ್ಟವಾಗುತ್ತದೆ.

ಶಾಲೆಗೆ ಇನ್ನೊಮ್ಮೆ ಹೋಗಿ, ಈ ಸಲ ಬಾಯಲ್ಲಿ ಹೇಳಬೇಡಿ. ಯಾವ ದಿನ, ಯಾವ ಪೀರಿಯಡ್ಡು, ಏನು ಸದ್ದು, ಆಗ ಟೀಚರ್ ಎಲ್ಲಿದ್ದರು, ಎಲ್ಲ ಬರೆದು ಹೆಡ್‌ಮಾಸ್ಟರಿಗೆ ಕೊಟ್ಟು ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. 33 ವರ್ಷ ಶಾಲೆಯೊಳಗಿದ್ದವನು ಹೇಳುತ್ತಿದ್ದೇನೆ: ಬಾಯಿಮಾತಿನ ದೂರು ಸ್ಟಾಫ್‌ರೂಮಿನ ಟೀ ಜೊತೆ ಮುಗಿಯುತ್ತದೆ, ಕಾಗದಕ್ಕೆ ಹೆದರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಮಗುವಿಗೆ ಹೊಡೆಯುವುದಷ್ಟೇ ಅಲ್ಲ, ಮಾನಸಿಕವಾಗಿ ಹಿಂಸೆ ಕೊಡುವುದೂ ತಪ್ಪು. ಅದನ್ನೂ ಒಂದು ಸಾಲು ಸೇರಿಸಿ. ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಆದರೆ ನೀವು ಕೇಳಬೇಕಾದದ್ದು ಹುಡುಗರಿಗೆ ಶಿಕ್ಷೆಯನ್ನಲ್ಲ. ಮಗ ಓದಲು ನಿಂತಾಗ ಟೀಚರ್ ಕಾಯಬೇಕು, ಅವರು ಕಾಯುವುದನ್ನು ಕ್ಲಾಸು ನೋಡಬೇಕು. ಅವನಿಗೆ ಓದುವ ಸರದಿ ತಪ್ಪಿಸುವುದೂ ಬೇಡ. ‘ಪಾಪ, ಅವನನ್ನ ಬಿಟ್ಟುಬಿಡಿ’ ಅನ್ನುವುದು ಗಿರಣಿ ಅನ್ನುವುದಕ್ಕಿಂತ ಕಮ್ಮಿಯೇನಲ್ಲ. ಬೇಕಿದ್ದರೆ ಶುರುವಿನಲ್ಲಿ ಇನ್ನೊಬ್ಬನ ಜೊತೆ ಸೇರಿ ಓದಿಸಲಿ. ಜೊತೆಯಲ್ಲಿ ಓದುವಾಗ ಸಲೀಸು.

ನಾನು ಇದನ್ನು ಕಲಿತದ್ದು 1984ರಲ್ಲಿ, ಮೇಷ್ಟ್ರಾದ ಮೊದಲ ದಿನ. ‘ಬ... ಬ... ಬಾಗಿಲು ಹಾಕು’ ಎಂದೆ. ಹಿಂದಿನ ಬೆಂಚು ನಕ್ಕಿತು. ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಹೋಗಿ ಹೇಳಿದೆ, ‘ನನಗೆ ಉಗ್ಗು ಇದೆ. ಕೆಲವು ಪದ ತಡವಾಗಿ ಬರುತ್ತವೆ. ಬರುವವರೆಗೆ ಕಾಯಿರಿ.’ ಒಬ್ಬ ಎದ್ದು ನಿಂತು ‘ಎಷ್ಟು ಹೊತ್ತು ಸಾರ್?’ ಎಂದ. ಅವನು ತಮಾಷೆ ಮಾಡಲಿಲ್ಲ, ನಿಜವಾಗಿ ಕೇಳಿದ. ಆಮೇಲೆ ಪ್ರತಿ ಜೂನ್‌ನಲ್ಲೂ ಹೊಸ ಕ್ಲಾಸಿಗೆ ಅದೇ ಮಾತು ಹೇಳುತ್ತಿದ್ದೆ. ಉಗ್ಗು ಹೋಗಲಿಲ್ಲ. ಬಚ್ಚಿಡುವ ಕೆಲಸ ಹೋಯಿತು. ನಿಮ್ಮ ಮಗನಿಗೂ ಇಷ್ಟವಿದ್ದರೆ, ಅವನಿಗೆ ಇಷ್ಟವಿದ್ದರೆ ಮಾತ್ರ, ಈ ಎರಡು ಸಾಲು ಮನೆಯಲ್ಲಿ ಹೇಳಿ ಅಭ್ಯಾಸ ಮಾಡಿಸಿ.

ಚಿಕಿತ್ಸೆಯೂ ಬೇಕು. ಹತ್ತು ವರ್ಷದವನಲ್ಲಿ ಇನ್ನೂ ಉಳಿದಿದೆ ಎಂದರೆ ತಾನಾಗಿ ಹೋಗಲಿ ಎಂದು ಕೂರಬಾರದು. ನಿಮ್ಮೂರ ದೊಡ್ಡ ಆಸ್ಪತ್ರೆಗಳ ಇಎನ್‌ಟಿ ವಿಭಾಗದಲ್ಲಿ ಸ್ಪೀಚ್ ಥೆರಪಿಸ್ಟ್ ಇದ್ದಾರಾ ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಇದೇ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ. ಬೇಸಿಗೆ ರಜೆಗೆ ಕಾಯದೆ ಒಮ್ಮೆ ಹೋಗಿ ತೋರಿಸಿಕೊಂಡು ಬನ್ನಿ. ‘ಹದಿನೈದು ದಿನದಲ್ಲಿ ಗ್ಯಾರಂಟಿ’ ಎಂದು ಗೋಡೆ ಮೇಲೆ ಬರೆಸಿರುವವರ ಹತ್ತಿರ ಹೋಗಬೇಡಿ.

ಪ್ರಶ್ನೆ: ನಮ್ಮ ಹುಡುಗ ಮಿಮಿಕ್ರಿ ಚೆನ್ನಾಗಿ ಮಾಡುತ್ತಾನೆ. ಅವನ ಕ್ಲಾಸಿನಲ್ಲಿ ಉಗ್ಗುವ ಹುಡುಗಿಯೊಬ್ಬಳು ಇದ್ದಾಳೆ. ಅವಳ ಥರ ಮಾತಾಡಿ ತೋರಿಸಿದ, ನಾವೂ ನಕ್ಕೆವು. ಈಗ ಆ ಹುಡುಗಿಯ ತಂದೆ ಮನೆಗೆ ಬಂದು ಜಗಳ ಆಡಿದ್ದಾರೆ. ಹುಡುಗನಿಗೆ ಎರಡು ಬಾರಿಸಿದೆ. ‘ಅಣಕಿಸಿದರೆ ನಿನಗೂ ಉಗ್ಗು ಬರುತ್ತೆ’ ಎಂದು ಅವನ ಅಜ್ಜಿ ಹೆದರಿಸಿದ್ದಾರೆ. ಸಾಕಲ್ಲವೇ?
– ಹಾಸನದಿಂದ ಒಬ್ಬ ತಂದೆ

ಉತ್ತರ: ನಕ್ಕವರು ನೀವು, ಪೆಟ್ಟು ತಿಂದವನು ಅವನು. ಇದು ಯಾವ ನ್ಯಾಯ ಸ್ವಾಮಿ?

ಅಜ್ಜಿಯ ಮಾತಂತೂ ಇನ್ನೂ ಅಪಾಯ. ಅಣಕಿಸಿದರೆ ಉಗ್ಗು ಅಂಟುವುದಿಲ್ಲ. ಅಂಟುತ್ತದೆ ಎಂದು ನಂಬಿದ ಹುಡುಗ ಏನು ಮಾಡುತ್ತಾನೆ? ನಾಳೆಯಿಂದ ಆ ಹುಡುಗಿಯ ಪಕ್ಕ ಕೂರುವುದಿಲ್ಲ. ಅವನ ಗೆಳೆಯರೂ ಕೂರುವುದಿಲ್ಲ. ನನ್ನ ಬೆಂಚಿನಲ್ಲಿ ಹಾಗೇ ಎರಡು ವರ್ಷ ಜಾಗ ಖಾಲಿ ಇತ್ತು. ಅಂಟುವುದಿಲ್ಲ ಎಂದು ಅಜ್ಜಿಯಿಂದಲೇ ಹೇಳಿಸಿ. ‘ನಾವು ನಕ್ಕಿದ್ದು ತಪ್ಪಾಯ್ತು’ ಎಂದು ನೀವು ಹೇಳಿ, ಅವನ ಎದುರಿಗೇ, ಆ ತಂದೆಗೆ. ಮಿಮಿಕ್ರಿ ಬಿಡಿಸಬೇಡಿ. ನಿಮ್ಮದೇ ಗೊರಕೆಯನ್ನು ಮಾಡಿ ತೋರಿಸಲಿ, ಆಗ ಎಷ್ಟು ನಗು ಬರುತ್ತದೆ ನೋಡೋಣ.

ಪ್ರಶ್ನೆ: 1987ರ ಎಸ್ಸೆಸ್ಸೆಲ್ಸಿ ಬ್ಯಾಚಿನವರೆಲ್ಲ ಸೇರಿ ವಾಟ್ಸಾಪ್ ಗ್ರೂಪ್ ಮಾಡಿದ್ದೇವೆ. ನಮ್ಮ ಜೊತೆ ತೊನ್ನು ಇದ್ದ ಹುಡುಗ ಒಬ್ಬನಿದ್ದ. ತುಟಿ, ಬೆರಳು ಬೆಳ್ಳಗೆ. ‘ಮಚ್ಚೆ’ ಎಂದು ಕರೆಯುತ್ತಿದ್ದೆವು. ಅವನು ನೀರು ಕುಡಿದ ನಲ್ಲಿಯನ್ನು ಮಣ್ಣು ಹಚ್ಚಿ ತೊಳೆದು ಕುಡಿಯುತ್ತಿದ್ದೆವು, ಅದನ್ನು ಶುರು ಮಾಡಿದವನು ನಾನೇ. ಮೊನ್ನೆ ಅವನನ್ನೂ ಗ್ರೂಪಿಗೆ ಸೇರಿಸಿದರು. ಯಾರೋ ‘ಮಚ್ಚೆ ಬಂದ’ ಎಂದು ಹಾಕಿದರು. ಹದಿನಾಲ್ಕು ಜನ ನಗುವ ಮುಖ ಒತ್ತಿದರು. ಅವನು ಏನೂ ಬರೆಯಲಿಲ್ಲ. ಗ್ರೂಪಿನಲ್ಲೇ ಕ್ಷಮೆ ಕೇಳಲೇ?
– ಬೆಂಗಳೂರಿನಿಂದ ಒಬ್ಬರು

ಉತ್ತರ: ಗ್ರೂಪಿನಲ್ಲಿ ಬೇಡ. ಅಲ್ಲಿ ಕೇಳಿದರೆ ನೀವು ದೊಡ್ಡ ಮನುಷ್ಯರಾಗುತ್ತೀರಿ, ಅವರು ಇನ್ನೊಮ್ಮೆ ಎಲ್ಲರೆದುರು ಮಚ್ಚೆಯಾಗುತ್ತಾರೆ. ಗ್ರೂಪಿನಲ್ಲಿ ಮಾಡಬೇಕಾದ ಕೆಲಸ ಬೇರೆ: ಇನ್ನೊಬ್ಬ ಆ ಹೆಸರು ಹಾಕಿದ ಕೂಡಲೇ ‘ಅವನ ಹೆಸರು ಅದಲ್ಲ’ ಎಂದು ಬರೆಯಿರಿ. ಅದಕ್ಕೂ ಮೊದಲು ನಿಮ್ಮ ಫೋನು ತೆಗೆದು ಅವರ ನಂಬರನ್ನು ಯಾವ ಹೆಸರಿನಲ್ಲಿ ಸೇವ್ ಮಾಡಿದ್ದೀರಿ ನೋಡಿ.

ತೊನ್ನು ಅಂಟುರೋಗ ಅಲ್ಲ, ಕುಷ್ಠವೂ ಅಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಅಲ್ಲಲ್ಲಿ ಇಲ್ಲದಾಗುತ್ತವೆ, ಅಷ್ಟೆ. ಜೂನ್ 25ನ್ನು ವಿಶ್ವ ತೊನ್ನು ದಿನ ಎಂದು ಆಚರಿಸುತ್ತಾರೆ. ಇದು ನಿಮಗೆ ಈಗ ಗೊತ್ತಿರುತ್ತದೆ. ಆದರೆ ಗ್ರೂಪಿನ ಹದಿನಾಲ್ಕು ಜನರಲ್ಲಿ ಎಷ್ಟು ಮಂದಿ ಮೊಮ್ಮಕ್ಕಳಿಗೆ ಇನ್ನೂ ‘ಮುಟ್ಟಬೇಡ’ ಎನ್ನುತ್ತಿದ್ದಾರೋ.

ಅವರಿಗೆ ಫೋನ್ ಮಾಡಿ. ‘ಆಗ ಚಿಕ್ಕವರಿದ್ವಿ’ ಎಂದು ಶುರು ಮಾಡಬೇಡಿ, ಅವರೂ ಆಗ ಚಿಕ್ಕವರೇ. ನಲ್ಲಿಯ ವಿಷಯವನ್ನು ನೇರವಾಗಿ ಹೇಳಿ. ಅವರು ಮರೆತಿದ್ದಾರೆ ಅಂದುಕೊಳ್ಳಬೇಡಿ. ‘ಆಯ್ತು ಬಿಡು’ ಅನ್ನಬಹುದು, ಫೋನ್ ಇಟ್ಟುಬಿಡಬಹುದು, ಎರಡೂ ಅವರ ಇಷ್ಟ.

ಇನ್ನೊಂದು ಮಾತು. ನನ್ನನ್ನು ಗಿರಣಿ ಎಂದು ಕೂಗುತ್ತಿದ್ದವರಲ್ಲಿ ಒಬ್ಬ ಕೆಲವು ವರ್ಷದ ಹಿಂದೆ ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಕೈ ಹಿಡಿದುಕೊಂಡು ಜೋರಾಗಿ ಅತ್ತುಬಿಟ್ಟ. ಜನ ಸೇರಿದರು. ಕೊನೆಗೆ ನಾನೇ ಅವನನ್ನು ಬೆಂಚಿನ ಮೇಲೆ ಕೂರಿಸಿ, ನೀರು ಕುಡಿಸಿ, ಸಮಾಧಾನ ಮಾಡಬೇಕಾಯಿತು. ಬಾಣಾವರದ ಬಸ್ಸೂ ಹೋಯಿತು. ದಯವಿಟ್ಟು ಅಳಬೇಡಿ.