ಅರ್ಧ ಅಪಸ್ವರ ಮೇಣದ್ದು

ಪ್ರಶ್ನೆ: ನನಗೆ 44 ವರ್ಷ, ಊರು ಚಿಕ್ಕಬಳ್ಳಾಪುರ. ಮದುವೆಗೆ ಮುಂಚೆ ಒಂಬತ್ತು ವರ್ಷ ವೀಣೆ ಕಲಿತಿದ್ದೆ. ಆಮೇಲೆ 21 ವರ್ಷ ಮುಟ್ಟಲಿಲ್ಲ. ಹೋದ ತಿಂಗಳು ತವರಿನ ಅಟ್ಟದಿಂದ ಇಳಿಸಿ ತಂದೆ. ನುಡಿಸಿದರೆ ಬರೀ ಅಪಸ್ವರ, ಬೆರಳೆಲ್ಲ ಉರಿ. ಕ್ಲಾಸಿನಲ್ಲಿ ಹತ್ತು ವರ್ಷದ ಮಕ್ಕಳ ಪಕ್ಕ ಕೂತು ಮೊದಲ ಪಾಠದ ಸರಳೆ ವರಸೆ ನುಡಿಸಲು ನಾಚಿಕೆ. ಯಜಮಾನರು ‘ಕಛೇರಿ ಯಾವಾಗ?’ ಎಂದು ಕಿಚಾಯಿಸುತ್ತಾರೆ. ಬಿಟ್ಟುಬಿಡಲಾ?

ಉತ್ತರ: ಬಿಡುವ ಮಾತು ಆಮೇಲೆ. ಮೊದಲು ವೀಣೆ ರಿಪೇರಿ ಮಾಡಿಸಿ.

ತಂತಿಯನ್ನು ಒತ್ತಿ ಸ್ವರ ಹಿಡಿಯುವ ವೀಣೆಯ 24 ಮೆಟ್ಟಿಲು ಕೂತಿರುವುದು ಮೇಣದ ಮೇಲೆ. 21 ಬೇಸಿಗೆ ಅಟ್ಟದ ಮೇಲೆ ಕಳೆದ ಮೇಣ ಏನಾಗಿರಬೇಡ? ಕಾವಿಗೆ ಮೆತ್ತಗಾಗುತ್ತದೆ, ಚಳಿಗೆ ಬಿರುಕು ಬಿಡುತ್ತದೆ. ಮೆಟ್ಟಿಲು ಕೂದಲೆಳೆಯಷ್ಟು ಕುಸಿದರೂ ಸಾಕು, ನೀವು ಸರಿಯಾಗಿ ಒತ್ತಿದರೂ ಗಾಂಧಾರ ಸ್ವರ ಸರಿಯಾಗಿ ಬರುವುದಿಲ್ಲ. ಅದನ್ನೂ ನಿಮ್ಮ ತಲೆಗೇ ಕಟ್ಟಿಕೊಂಡಿದ್ದೀರಿ! ಹೊಸದಾಗಿ ಮೇಳ ಕಟ್ಟಿಸಿ, ಅಂದರೆ ಹೊಸ ಮೇಣ ಹಾಕಿಸಿ ಮೆಟ್ಟಿಲುಗಳನ್ನು ಮತ್ತೆ ಕೂರಿಸಿ. ತಂತಿಗಳನ್ನೂ ಬದಲಾಯಿಸಿ. ತುಕ್ಕು ಹಿಡಿದ ತಂತಿಯ ಮೇಲೆ ಬೆರಳು ಜಾರಿಸಿದರೆ ಉರಿಯದೆ ಇನ್ನೇನು? ಹೊಸ ತಂತಿಗೂ ಬೆರಳಿಗೆ ಒಂಚೂರು ಕೊಬ್ಬರಿ ಎಣ್ಣೆ ಇರಲಿ. ಒಂದೇ ಸಲ ಒಂದು ಗಂಟೆ ಕೂರಬೇಡಿ. ಬೆಳಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು. ತೋರುಬೆರಳು, ನಡುಬೆರಳು ಗಟ್ಟಿಯಾಗಲು ಕೆಲವು ವಾರ ಬೇಕು.

ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾದದ್ದು ‘ಬರೀ ಅಪಸ್ವರ’ ಅನ್ನುವ ಮಾತು. ಅಂದರೆ ಕೇಳಿಸುತ್ತಿದೆ, ಅಲ್ವಾ? ಕೈ ಮರೆತಿದೆ, ಕಿವಿ ಮರೆತಿಲ್ಲ. ಪಕ್ಕದ ಮಗುವಿಗೆ ತನ್ನ ತಪ್ಪು ಇನ್ನೂ ಕೇಳಿಸುವುದಿಲ್ಲ, ಆರಾಮಾಗಿ ನುಡಿಸಿಕೊಂಡು ಹೋಗುತ್ತದೆ. ನಿಮಗೆ ಪ್ರತಿಯೊಂದೂ ಕೇಳಿಸಿ ಚುಚ್ಚುತ್ತದೆ. ಈ ಮುಜುಗರ ಕೆಲವು ತಿಂಗಳು ಇದ್ದೇ ಇರುತ್ತದೆ, ಸುಳ್ಳು ಹೇಳಲಾರೆ. ಮಾಯಾಮಾಳವಗೌಳ ರಾಗದಲ್ಲಿ ಸರಳೆಯನ್ನು ಒಂದನೇ ಕಾಲದಲ್ಲೇ, ಅಂದರೆ ನಿಧಾನವಾಗಿಯೇ ನುಡಿಸಿ. ತಲೆಯಲ್ಲಿ ಮುಂದಿನ ಹಂತದ ಪಾಠವಾದ ವರ್ಣ ಓಡುತ್ತಿರುತ್ತದೆ, ಕೈ ಅದರ ಹಿಂದೆ ಓಡಲು ಹೋಗುತ್ತದೆ. ಕೈಯನ್ನು ಓಡಲು ಬಿಡಬೇಡಿ. ಮಕ್ಕಳ ಜೊತೆ ಕೂರಲು ಆಗದಿದ್ದರೆ ಬೇರೆ ಸಮಯ ಕೊಡಿ ಎಂದು ಟೀಚರನ್ನೇ ಕೇಳಿ. ಇದರಲ್ಲಿ ದೊಡ್ಡಸ್ತಿಕೆ ಏನಿಲ್ಲ.

ರಿಪೇರಿಗೆ ಬಹಳ ದೂರ ಹೋಗಬೇಕಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆ ಮಾಡುವವರ ಊರು. ಹಲಸಿನ ಮರದಿಂದ ವೀಣೆ ಕಡೆಯುವವರು ಅಲ್ಲಿದ್ದಾರೆ. ವೀಣೆಯನ್ನು ಬಸ್ಸಿನಲ್ಲಿ ಮಾತ್ರ ಹಾಕಿಕೊಂಡು ಹೋಗಬೇಡಿ, ಒಂದು ಕುಲುಕಿಗೆ ವೀಣೆಯ ಬುರುಡೆ ಸೀಳಬಹುದು. ಕಾರಿನಲ್ಲಿ ಕರೆದುಕೊಂಡು ಹೋಗಿ ಎಂದು ಯಜಮಾನರಿಗೇ ಹೇಳಿ. ಕಿಚಾಯಿಸಿದ್ದಕ್ಕೆ ಅಷ್ಟಾದರೂ ದಂಡ ಬೇಡವಾ?