ವಿಜಯಪುರದವನಿಗೆ ಮಂಗಳೂರಿನ ಸೆಕೆ ಯಾವ ಲೆಕ್ಕ?

'ವಿಜಯಪುರದ 40 ಡಿಗ್ರಿ ಕಂಡವನಿಗೆ ಮಂಗಳೂರಿನ 34 ಯಾವ ಲೆಕ್ಕ, ಮೇ ತಿಂಗಳಲ್ಲಿ ಹೋಗಬಹುದೇ' ಎಂದು ಕೇಳಿದ್ದೀರಿ. ಆರು ದಿನಗಳ ಹಿಂದೆ ನಾನೂ ಇದೇ ಜಂಬದಲ್ಲಿ ವಿಜಯಪುರದಿಂದ ರೈಲು ಹತ್ತಿದವನು. ನಾಳೆ ವಾಪಸ್ ಹೊರಡುತ್ತೇನೆ. ಮೊನ್ನೆ ಒಗೆದು ಹಾಕಿದ ಟವೆಲ್ ಇನ್ನೂ ಆರಿಲ್ಲ.

ನಮ್ಮ ಬಿಸಿಲು ಹೊಡೆಯುತ್ತದೆ, ಆದರೆ ಬಿಡುತ್ತದೆ. ಬೇವಿನ ನೆರಳಿಗೆ ಸರಿದರೆ ಹೋದ ಜೀವ ಬರುತ್ತದೆ. ರಾತ್ರಿ ಮಾಳಿಗೆಯ ಮೇಲೆ ಮಲಗಿದರೆ ಬೆಳಗಿನ ಜಾವ ಚಾದರ ಎಳೆದುಕೊಳ್ಳುತ್ತೇವೆ. ಇಲ್ಲಿ ನೆರಳಿಗೂ ಆ ಗುಣವಿಲ್ಲ, ರಾತ್ರಿಗೂ ಇಲ್ಲ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಗಾಳಿಯೇ ನೀರು ಕುಡಿದು ಕುಳಿತಿರುವಾಗ ಬೆವರು ಎಲ್ಲಿಗೆ ಹೋಗಬೇಕು! ಊರಿನಲ್ಲಿ ನಾನು ಬೆವರಿದ್ದೇನೆಂದು ತಿಳಿಯುವುದು ಸಂಜೆ, ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ಕಂಡಾಗ. ಇಲ್ಲಿ ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುವಷ್ಟರಲ್ಲೇ ಮತ್ತೆ ಒದ್ದೆ. ಇದೇ ಕಾರಣಕ್ಕೆ ನಮ್ಮ ಮನೆಮನೆಯ ಕೂಲರ್ ಇಲ್ಲಿ ಕೆಲಸಕ್ಕೆ ಬಾರದ ಡಬ್ಬಿ. ಎ.ಸಿ. ಕೋಣೆಗೆ ಸ್ವಲ್ಪ ದುಡ್ಡು ಎತ್ತಿಟ್ಟುಕೊಂಡು ಬನ್ನಿ.

ನಿಜವಾಗಿ ಹೊಟ್ಟೆ ಉರಿದದ್ದು ರೊಟ್ಟಿಯ ವಿಷಯದಲ್ಲಿ. ಅವ್ವ ಇಪ್ಪತ್ತು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು. ಊರಿನಲ್ಲಿ ವಾರಗಟ್ಟಲೆ ಇಟ್ಟರೂ ಚಟ್ಟೆಂದು ಮುರಿಯುವ ರೊಟ್ಟಿ. ಎರಡನೆಯ ದಿನ ಬಟ್ಟೆ ಬಿಚ್ಚಿ ಒಂದನ್ನು ಮುರಿಯಲು ಹೋದರೆ ಸದ್ದೇ ಇಲ್ಲ. ನೆನೆದ ರಟ್ಟಿನಂತೆ ಮಡಚಿಕೊಂಡಿತು. ಇಲ್ಲಿಯವರ ಕೋರಿ ರೊಟ್ಟಿಯೂ ಗರಿಗರಿಯೇ, ಅಕ್ಕಿಯದು. ಆದರೆ ಅವರು ಜಾಣರು: ಕೋಳಿ ಸಾರು ಸುರಿದು ತಾವೇ ಮೆತ್ತಗೆ ಮಾಡಿಕೊಂಡು ತಿನ್ನುತ್ತಾರೆ.

ಹಂಪನಕಟ್ಟೆಯಲ್ಲಿ ಮಧ್ಯಾಹ್ನ ಒಬ್ಬರು 'ಬೊಂಡ ಬೇಕಾ' ಎಂದಾಗ, ಈ ಸೆಕೆಯಲ್ಲಿ ಎಣ್ಣೆಯಲ್ಲಿ ಕರಿದದ್ದು ಯಾರಿಗೆ ಬೇಕು ಎಂದು ಮುಂದೆ ನಡೆದೆ. ಬೊಂಡ ಎಂದರೆ ಎಳನೀರು ಎಂದು ತಿಳಿಯಲು ಎರಡು ದಿನ ಹಿಡಿಯಿತು.

ಮಧ್ಯಾಹ್ನ ಅಲೆಯಬೇಡಿ. ಸಂತ ಅಲೋಶಿಯಸ್ ಚಾಪೆಲ್ ಒಳಗೆ ಕುಳಿತು ಇಟಲಿಯ ಆಂಟೋನಿಯೋ ಮೊಸ್ಕೇನಿ ಬಿಡಿಸಿದ ಚಿತ್ರಗಳನ್ನು ನೋಡಿ. ಗೋಡೆಯ ಚಿತ್ರಗಳನ್ನು ಹಸಿ ಗಾರೆಯ ಮೇಲೆ ಬರೆದದ್ದಂತೆ. ಈ ಊರಿನಲ್ಲಿ ಅದು ಹೇಗೆ ಆರಿತೋ ಆ ಪುಣ್ಯಾತ್ಮನಿಗೇ ಗೊತ್ತು. ಪಣಂಬೂರು ಕಡಲತೀರ ನನಗೆ ಜಾತ್ರೆಯಂತೆ ಕಂಡಿತು. ನಿನ್ನೆ ಸಂಜೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಫಲ್ಗುಣಿ ದಾಟಿ ತಣ್ಣೀರುಬಾವಿಗೆ ಹೋದೆ. ಗಾಳಿಮರಗಳ ನಡುವಿನಿಂದ ಕಡಲಿನ ಕಡೆ ಹೊರಬಂದಾಗ ಬೀಸಿದ ಗಾಳಿಗೆ ಆರು ದಿನಗಳಲ್ಲಿ ಮೊದಲ ಬಾರಿ ಅಂಗಿ ಬೆನ್ನು ಬಿಟ್ಟಿತು. ಕತ್ತಲಾಗುವವರೆಗೂ ಏಳಲಿಲ್ಲ.

ಹೀಗಾಗಿ ಬನ್ನಿ, ಆದರೆ ಮೇ ಬೇಡ, ಡಿಸೆಂಬರಿನಲ್ಲಿ ಬನ್ನಿ. ಉಳಿದ ಹನ್ನೊಂದು ರೊಟ್ಟಿಗಳನ್ನು ವಾಪಸ್ ಒಯ್ಯುತ್ತಿದ್ದೇನೆ. ಬೂಸ್ಟು ಹಿಡಿಯದಿದ್ದರೆ, ಗದಗ ದಾಟಿದ ಮೇಲೆ ಒಂದನ್ನು ಮುರಿದು ನೋಡಬೇಕು.